ಬಿಚ್ಚಿ ಕಟ್ಟಿದ ಊರು

ಕೊಡಿಕೊಂಡದ ಆಚೀಚೆ, ಹಿಂದೂಪುರ ಕಲ್ಯಾಣದುರ್ಗದ ಸೀಮೆಯಲ್ಲಿ ಹಳೇ ಮನೆ ಎಂದರೆ ಮಾಳಿಗೆ ಮನೆ. ತೊಲೆ, ಜಂತೆ, ಅದರ ಮೇಲೆ ಬಡಿದು ಕೂರಿಸಿದ ಮಣ್ಣು, ನಡುವೆ ಒಂದು ಬೆಳಕಿಂಡಿ. ಮಳೆ ಕಡಿಮೆ, ಹಾಗಾಗಿ ಸೂರು ಚಪ್ಪಟೆ. ಇಂಥ ಮನೆಗಳನ್ನು ಉಳಿಸುವ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಇಲ್ಲಿಂದ ಬಹುದೂರದ, ಮಳೆ ಸುರಿಯುವ ಮಣಿಪಾಲ.

ಅಲ್ಲಿ ವಿಜಯನಾಥ ಶೆಣೈ ಎಂಬ ಸಿಂಡಿಕೇಟ್ ಬ್ಯಾಂಕ್ ಉದ್ಯೋಗಿ ಇದ್ದರು. ವಾಸ್ತುಶಿಲ್ಪ ಕಲಿತವರಲ್ಲ, ಸಂಗೀತದ ಹುಚ್ಚಿನವರು. ಭೂಸುಧಾರಣೆ ಕಾಯ್ದೆಯ 1974ರ ತಿದ್ದುಪಡಿಯಿಂದ ಗೇಣಿದಾರರು ಒಡೆಯರಾದರು. ಅದು ಆಗಲೇಬೇಕಿದ್ದ ನ್ಯಾಯ. ಆದರೆ ಗೇಣಿ ಅಕ್ಕಿಯ ಮೇಲೆ ನಿಂತಿದ್ದ ಕರಾವಳಿಯ ದೊಡ್ಡ ಮನೆಗಳಿಗೆ ಹಂಚು ಹೊದಿಸುವ ಖರ್ಚೂ ಹೊರೆಯಾಯಿತು. ಮಕ್ಕಳು ಮುಂಬಯಿ ಸೇರಿದರು. ಮನೆ ಕೆಡವಿ ಮರ ಮಾರುವುದು ಸುಲಭವೆನಿಸಿತು. ಕೆತ್ತನೆಯ ಕಂಬ, ಬಾಗಿಲು, ಮುಚ್ಚಿಗೆ ಎಲ್ಲಕ್ಕೂ ಬರೀ ಮರದ ಬೆಲೆ.

ಶೆಣೈ ಮೊದಲು ಬಿಡಿಭಾಗಗಳನ್ನು ಕೊಂಡರು. ಅವುಗಳಿಂದಲೇ ತಮ್ಮ ಸ್ವಂತ ಮನೆ ‘ಹಸ್ತಶಿಲ್ಪ’ ಕಟ್ಟಿಕೊಂಡರು. ನೋಡಲು ಬರುವವರ ಸಾಲು ಬೆಳೆಯಿತು. ಆದರೆ ಒಂದು ಕಂಬ ಉಳಿದರೆ ಮನೆ ಉಳಿದಂತಲ್ಲ. ಜಗಲಿಗೆ ಯಾರು ಬರಬಹುದಿತ್ತು, ಒಳಗೆ ಯಾರಿಗೆ ಪ್ರವೇಶವಿತ್ತು, ಚೌಕಿಯ ಅಂಗಳಕ್ಕೆ ಬಿದ್ದ ನೀರು ಎತ್ತ ಹರಿಯುತ್ತಿತ್ತು ಎಂಬುದನ್ನು ಇಡೀ ಮನೆಯಷ್ಟೇ ಹೇಳಬಲ್ಲದು.

ಇಡೀ ಮನೆ ತರುವುದು ಸಾಧ್ಯವಾದದ್ದು ಹಳೇ ಆಚಾರಿಗಳ ಕೈಚಳಕದಿಂದ. ತೊಲೆಗೆ ಕಂಬ ಕೂತದ್ದು ಮೊಳೆಯಿಂದಲ್ಲ. ಕಚ್ಚು ಕೊರೆದು, ಮರದ ಬೆಣೆ ಬಡಿದು. ಬೆಣೆ ತೆಗೆದರೆ ಮನೆ ಬಿಚ್ಚಿಕೊಳ್ಳುತ್ತದೆ. ಅಳತೆ, ಫೋಟೊ, ಪ್ರತಿ ತುಂಡಿಗೂ ನಂಬರು, ಆಮೇಲೆ ಲಾರಿ. ನನ್ನ ಮಟ್ಟಿಗೆ ನಿಜವಾದ ಆವಿಷ್ಕಾರ ಇದೇ.

ಹೀಗೆ ಶೆಣೈ ಮಣಿಪಾಲದಲ್ಲಿ ಕಟ್ಟಿದ ಹೆರಿಟೇಜ್ ವಿಲೇಜ್‌ನಲ್ಲಿ ಕಾರ್ಕಳ ಕಡೆಯ ಮಿಯಾರು ಮನೆ, ಕುಂಜೂರಿನ ಚೌಕಿ ಮನೆ, ಭಟ್ಕಳದ ನವಾಯತರ ಮನೆ, ಕುಕನೂರಿನ ಕಮಲ ಮಹಲ್, ಮುಧೋಳ ಅರಮನೆಯ ದರ್ಬಾರ್ ಹಾಲ್ ನೆರೆಹೊರೆಯಾದವು. ಎಂದೂ ಇರದಿದ್ದ ಊರು! ಗದ್ದೆಯಿಲ್ಲ, ನಾಗಬನವಿಲ್ಲ, ಜಗಳಕ್ಕೆ ದಾಯಾದಿಗಳಿಲ್ಲ. ಸ್ಟಾಕ್‌ಹೋಮ್‌ನಲ್ಲಿ ಆರ್ಥರ್ ಹಜೇಲಿಯಸ್ 1891ರಲ್ಲಿ ತೆರೆದ ಬಯಲು ವಸ್ತುಸಂಗ್ರಹಾಲಯ ಸ್ಕಾನ್ಸೆನ್‌ಗೂ ಇದೇ ಆಕ್ಷೇಪ ಸಲ್ಲುತ್ತದೆ. ಒಪ್ಪೋಣ. ಆದರೂ ಮರದ ಡಿಪೋಗಿಂತ ಇದು ಮೇಲು. ಶೆಣೈ 2017ರಲ್ಲಿ ತೀರಿಕೊಂಡರು.

ನಮ್ಮ ಮಾಳಿಗೆ ಮನೆಗೆ ಈ ಉಪಾಯ ಅರ್ಧದಷ್ಟೇ ಒಗ್ಗುತ್ತದೆ. ಕಂಬ, ತೊಲೆ, ಜಂತೆಗೆ ನಂಬರು ಬರೆಯಬಹುದು. ಗೋಡೆಯ ಮಣ್ಣಿಗೆ? ಸೂರಿನ ಮೇಲಿನ ಚೌಳು ಮಣ್ಣಿಗೆ? ಅದು ಕಿತ್ತರೆ ಪುಡಿ. ಹೊಸ ಜಾಗದಲ್ಲಿ ಹೊಸದಾಗಿಯೇ ಹಾಕಬೇಕು. ಎಷ್ಟು ದಪ್ಪ, ಎಷ್ಟು ಇಳಿಜಾರು, ಯಾವ ಹೊಲದ ಚೌಳು ನೀರು ತಡೆಯುತ್ತದೆ ಎಂಬುದು ಕೈಗೆ ಗೊತ್ತೇ ಹೊರತು ನಕ್ಷೆಗಲ್ಲ. ಆದ್ದರಿಂದ ಇಲ್ಲಿ ದಾಖಲಾತಿಗೆ ಹೊರಡುವವರು ಟೇಪು ಹಿಡಿದು ಬೇಸಿಗೆಯಲ್ಲೇ ಬರಲಿ, ಮುಂಗಾರಿಗೆ ಮುಂಚೆ, ಯಾರಾದರೂ ಮಾಳಿಗೆ ಹತ್ತಿ ಚೌಳು ಹರಡುವ ಹೊತ್ತಿಗೆ.