ನಾಗಸಂದ್ರದಿಂದ 300 ಕೋಟಿ ವರ್ಷ ಹಿಂದಕ್ಕೆ

ಮಕ್ಕಳಿಗೆ ದಸರಾ ರಜೆ ಬಂತು, ನಿಮಗೆ ಊರಿಗೆ ಹೋಗೋಕೆ ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ವಾ? ಒಂದು ಭಾನುವಾರ ಸಾಕು. ಮಕ್ಕಳ ಕೈ ಹಿಡ್ಕೊಂಡು ಬೆಂಗಳೂರಿನ ನಾಗಸಂದ್ರದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ. ಮೂರು ಅಡಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಟಿಕೆಟ್ ಬೇಡ.

ಚಿಕ್ಕ ಮಕ್ಕಳಿಗೆ ಈ ಪ್ರಯಾಣವೇ ಅರ್ಧ ಹಬ್ಬ. ಕೆಳಗೆ ಪೀಣ್ಯದ ಶೆಡ್‌ಗಳ ಶೀಟ್ ಚಾವಣಿ. ಅಪ್ಪ, ಅಮ್ಮ ಕೆಲಸ ಮಾಡೋ ಜಾಗ ಇದೇ ಅಂತ ತೋರಿಸಿ. ಸಂಪಿಗೆ ರಸ್ತೆ ದಾಟಿದ ಮೇಲೆ ರೈಲು ನೆಲದೊಳಗೆ ಇಳಿಯುತ್ತೆ. ಕಿಟಕಿ ಗಾಜು ಕಪ್ಪಾಗಿ, ಅದರಲ್ಲಿ ಮಗುವಿಗೆ ತನ್ನದೇ ಮುಖ ಕಾಣುತ್ತೆ. ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ಮೂರೂ ಸುರಂಗದಲ್ಲೇ. ನ್ಯಾಷನಲ್ ಕಾಲೇಜ್ ಬರೋ ಹೊತ್ತಿಗೆ ಮತ್ತೆ ಬೆಳಕು.

ಲಾಲ್‌ಬಾಗ್‌ನಲ್ಲಿ ಇಳಿಯಿರಿ. 1760ರಲ್ಲಿ ಹೈದರ್ ಅಲಿ ಶುರು ಮಾಡಿಸಿದ ತೋಟ ಇದು. ಆದರೆ ಮಕ್ಕಳನ್ನ ಮೊದಲು ಅಲ್ಲಿನ ಬಂಡೆ ಹತ್ತಿರ ಕರ್ಕೊಂಡು ಹೋಗಿ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು! ಡೈನೋಸಾರ್‌ಗಳು ಹುಟ್ಟೋಕೆ ಎಷ್ಟೋ ಮೊದಲೇ ಇತ್ತು. ಕಲ್ಲಿನ ಮೇಲೆ ಅಂಗೈ ಇಟ್ಟು, ಅದರ ಗೆರೆಗಳನ್ನ ಬೆರಳಲ್ಲಿ ಸವರಲಿ. ಮೇಲೆ ಕೆಂಪೇಗೌಡ ಗೋಪುರ ಇದೆ.

ಬಿಸಿಲೇರಿದರೆ ಕಲ್ಲು ಕಾಯುತ್ತೆ, ಮಳೆ ಬಂದಿದ್ದರೆ ಜಾರುತ್ತೆ. ಟೋಪಿ, ನೀರಿನ ಬಾಟಲಿ ತಗೊಂಡು ಬೆಳಿಗ್ಗೆ ಬೇಗ ಹೊರಡಿ.