ಸಂಚಿತ ಆವೃತ್ತಿ

ಅಂಕೆಗಳ ಪಟ್ಟಿಯೆಂದರೆ ನಮ್ಮಲ್ಲಿ ಅನೇಕರಿಗೆ ಬೇಸರವುಂಟು. ಆದರೆ ಅದನ್ನು ಓದುವ ಕ್ರಮವನ್ನರಿತೆವಾದರೆ ಮನುಷ್ಯರ ಸುಖದುಃಖಗಳೇ ಅದರಲ್ಲಿ ಕಾಣಬರುವುವು. ಇದಕ್ಕೆ ಒಂದು ಹಳೆಯ ನಿದರ್ಶನವನ್ನು ನೋಡೋಣ.

ಲಂಡನ್ ನಗರದಲ್ಲಿ ಜಾನ್ ಗ್ರಾಂಟ್ ಎಂಬ ವರ್ತಕನಿದ್ದನು. ಅಲ್ಲಿಯ ಚರ್ಚುಗಳ ಗುಮಾಸ್ತರು ವಾರವಾರವೂ ಒಪ್ಪಿಸುತ್ತಿದ್ದ ಮರಣದ ಲೆಕ್ಕಗಳನ್ನು ಪರಿಶೀಲಿಸಿ, ಆತನು 1662ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಆ ಲೆಕ್ಕಗಳಲ್ಲಿ ಸತ್ತವರ ವಯಸ್ಸು ಇರಲಿಲ್ಲವಾದ್ದರಿಂದ, ರೋಗಗಳನ್ನು ನೋಡಿ ಅಂದಾಜು ಮಾಡಬೇಕಾಯಿತು. ಆ ಅಂದಾಜಿನ ಪ್ರಕಾರ, ಹುಟ್ಟಿದ 100 ಮಕ್ಕಳಲ್ಲಿ ಮೊದಲ 6 ವರ್ಷಗಳೊಳಗೆ 36 ಮಂದಿ ತೀರಿಹೋಗುವರು. ಮುಂದಿನ 10 ವರ್ಷಗಳಲ್ಲಿ 24, ಅನಂತರದ 10ರಲ್ಲಿ 15, ಆಮೇಲೆ ಕ್ರಮವಾಗಿ 9, 6, 4, 3, 2, 1.

ಒಂದೊಂದು ವರ್ಗಕ್ಕೂ ಸೇರಿದ ಈ ಎಣಿಕೆಗೆ ಆವೃತ್ತಿಯೆಂದು ಹೆಸರು. ಇದನ್ನು ಮಾತ್ರ ನೋಡಿದರೆ, ವಯಸ್ಸು ಏರಿದಂತೆ ಮರಣಭಯವು ತಗ್ಗುವುದೆಂಬ ಭ್ರಾಂತಿಯುಂಟಾಗಬಹುದು. ನಿಜವೇನೆಂದರೆ, ಸಾಯುವುದಕ್ಕೆ ಉಳಿದವರೇ ಕಡಿಮೆ! ಆದುದರಿಂದ ಪ್ರತಿಯೊಂದು ಆವೃತ್ತಿಯನ್ನೂ ಅದರ ಹಿಂದಿನ ಮೊತ್ತಕ್ಕೆ ಕೂಡಿಸುತ್ತ ಹೋಗಬೇಕು: 36, 60, 75, 84, 90, 94, 97, 99, 100. ಇವೇ ಸಂಚಿತ ಆವೃತ್ತಿಗಳು. ಕೊನೆಯ ಮೊತ್ತವು ಒಟ್ಟು ಸಂಖ್ಯೆಗೆ ಸಮನಾದರೆ ಕೂಡಿಕೆಯು ಸರಿಯೆಂದು ತಿಳಿಯಬಹುದು.

ಈಗ ಎರಡನೆಯ ಮೊತ್ತವನ್ನು ಗಮನಿಸಿರಿ. 16 ವರ್ಷ ತುಂಬುವುದರೊಳಗೆ 60 ಮಂದಿ ಇಲ್ಲವಾದರು. ಉಳಿದವರು 40 ಮಾತ್ರ. ಹದಿನಾರೆಂದರೆ ಹೈಸ್ಕೂಲನ್ನು ಮುಗಿಸುವ ಪ್ರಾಯವಲ್ಲವೆ? ಬಿಡಿ ಅಂಕೆಗಳಲ್ಲಿ ಅಡಗಿದ್ದ ಈ ಶೋಕವನ್ನು ಒಂದು ಸರಳವಾದ ಸಂಕಲನವು ಹೊರಗೆಡಹಿತು.

ಚೌಕಳಿ ಕಾಗದದ ಮೇಲೆ ವಯಸ್ಸನ್ನು ಅಡ್ಡಲಾಗಿಯೂ ಮೊತ್ತವನ್ನು ಮೇಲ್ಮುಖವಾಗಿಯೂ ಗುರುತಿಸಿ, ಬಿಂದುಗಳನ್ನು ಸೇರಿಸಿದರೆ ಎಂದೂ ಕೆಳಗಿಳಿಯದ ಒಂದು ರೇಖೆ ದೊರೆಯುವುದು. ಇದನ್ನು ಓಜೀವ್ ಎನ್ನುವರು. 50ರ ಗುರುತಿನಿಂದ ಅಡ್ಡಲಾಗಿ ರೇಖೆಯವರೆಗೆ ಸಾಗಿ, ಅಲ್ಲಿಂದ ನೇರವಾಗಿ ಕೆಳಗಿಳಿದರೆ ಸುಮಾರು 12ನೆಯ ವರ್ಷಕ್ಕೆ ಬರುವೆವು. ಇದೇ ಮಧ್ಯಾಂಕ, ಅರ್ಧದಷ್ಟು ಮಕ್ಕಳು ಆ ವಯಸ್ಸನ್ನು ದಾಟಲಿಲ್ಲವೆಂದು ಇದರ ಅರ್ಥ.

ಪರೀಕ್ಷೆಯಲ್ಲಿ 35ಕ್ಕಿಂತ ಕಡಿಮೆ ಅಂಕ ಪಡೆದವರೆಷ್ಟು, ತರಗತಿಯ ನಡುವಿನ ಅಂಕವೆಷ್ಟು ಎಂಬುದನ್ನೂ ಹೀಗೆಯೇ ತಿಳಿಯಬಹುದು. ಎಷ್ಟರೊಳಗೆ ಎಷ್ಟು ಮಂದಿ ಎಂಬ ಪ್ರಶ್ನೆಯು ಬಂದಲ್ಲೆಲ್ಲ ಸಂಚಿತ ಆವೃತ್ತಿಯೇ ಉತ್ತರ. ಗಣಿತದ ಪುಸ್ತಕದಲ್ಲಿ ಈ ಹೆಸರನ್ನು ಕಂಡಾಗ, ಆ ನೂರು ಮಕ್ಕಳನ್ನು ಒಮ್ಮೆ ನೆನೆಯೋಣ.