ವಿದ್ಯುತ್ ಕಾರು: ಬೇಡವೋ, ಕೈಗೆಟುಕದೋ?



2001ರಲ್ಲಿ ಬೆಂಗಳೂರಿನ ರಸ್ತೆಗೆ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು ಇಳಿಯಿತು. ಎರಡು ಬಾಗಿಲು, ಸೀಸ-ಆಮ್ಲ ಬ್ಯಾಟರಿ, ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್ ಓಟ. ಇದೇ ಕಾರು ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಿಂದ ಓಡಿತು. ಅಲ್ಲಿ 2003ರಿಂದ ನಗರದ ನಡುಭಾಗಕ್ಕೆ ಬರುವ ಕಾರುಗಳು ದಿನಶುಲ್ಕ ತೆರಬೇಕಿತ್ತು. ವಿದ್ಯುತ್ ಕಾರಿಗೆ ಆಗ ವಿನಾಯಿತಿ ಇತ್ತು. ಕೊಂಡವರಿಗೆ ಉಳಿತಾಯ ಕಣ್ಣಿಗೇ ಕಾಣುತ್ತಿತ್ತು. ಹುಟ್ಟೂರಿನಲ್ಲಿ ಅಂಥ ಶುಲ್ಕವೂ ಇಲ್ಲ, ಉಳಿತಾಯವೂ ಇಲ್ಲ. ಅಷ್ಟೇ ಬೆಲೆಗೆ ಇನ್ನೂ ದೊಡ್ಡ ಪೆಟ್ರೋಲ್ ಕಾರು ಸಿಗುವಾಗ ಜನ ಹಿಂಜರಿದುದು ಸಹಜವೇ.

ವಿದ್ಯುತ್ ಕಾರಿನ ಬೆಲೆ ಹೆಚ್ಚಲು ಮುಖ್ಯ ಕಾರಣ ಬ್ಯಾಟರಿ. 2010ರಲ್ಲಿ ಒಂದು ಯೂನಿಟ್ ವಿದ್ಯುತ್ತನ್ನು ಹಿಡಿದಿಡುವ ಲಿಥಿಯಂ-ಅಯಾನ್ ಬ್ಯಾಟರಿಗೆ ಸಾವಿರ ಡಾಲರಿಗೂ ಹೆಚ್ಚು ತಗಲುತ್ತಿತ್ತು. 2024ರ ವೇಳೆಗೆ ಅದು ಸುಮಾರು 115 ಡಾಲರಿಗೆ ಇಳಿದಿತ್ತು. ಆದರೂ 25 ಯೂನಿಟ್‌ನ ಬ್ಯಾಟರಿಗೇ ಎರಡು ಲಕ್ಷ ರೂಪಾಯಿ ದಾಟುತ್ತದೆ. 2019ರ ಆಗಸ್ಟಿನಲ್ಲಿ ಸರ್ಕಾರ ಈ ಕಾರುಗಳ ಜಿ.ಎಸ್.ಟಿ.ಯನ್ನು ಶೇಕಡ 12ರಿಂದ 5ಕ್ಕೆ ಇಳಿಸಿದ್ದು ಈ ಹೊರೆಯನ್ನು ತಗ್ಗಿಸಲೆಂದೇ.

ಈಗ ಒಂದು ಲೆಕ್ಕ ಮಾಡೋಣ. ಒಂದು ಕುಟುಂಬದ ಕಾರು ವರ್ಷಕ್ಕೆ 10,000 ಕಿಲೋಮೀಟರ್ ಓಡುತ್ತದೆ ಎನ್ನಿ. ಲೀಟರಿಗೆ 15 ಕಿಲೋಮೀಟರ್, ಪೆಟ್ರೋಲಿಗೆ 100 ರೂಪಾಯಿ ಎಂದರೆ ಖರ್ಚು ಸುಮಾರು 66,700 ರೂಪಾಯಿ. ವಿದ್ಯುತ್ ಕಾರು ಯೂನಿಟ್ಟಿಗೆ 6 ಕಿಲೋಮೀಟರ್ ಓಡಿದರೆ, ಯೂನಿಟ್ಟಿಗೆ 8 ರೂಪಾಯಿಯಂತೆ, ಸುಮಾರು 13,300. ಉಳಿತಾಯ 53,000ಕ್ಕೂ ಹೆಚ್ಚು! ಆದರೆ ಕೊಳ್ಳುವಾಗ ಮೂರು ಲಕ್ಷ ಹೆಚ್ಚಿಗೆ ಕೊಟ್ಟಿದ್ದರೆ ಅದು ಹಿಂದಿರುಗಲು ಐದೂವರೆ ವರ್ಷಕ್ಕೂ ಹೆಚ್ಚು ಬೇಕು. ಸಾಲದ ಬಡ್ಡಿ ಬೇರೆ. ವರ್ಷಕ್ಕೆ 30,000 ಕಿಲೋಮೀಟರ್ ಓಡುವ ಟ್ಯಾಕ್ಸಿಗಾದರೋ ಎರಡೇ ವರ್ಷ ಸಾಕು.

‘ನಡುದಾರಿಯಲ್ಲಿ ನಿಂತರೆ?’ ಎಂಬ ಭಯವೂ ಇದೆ. ನಿತ್ಯ ಮೂವತ್ತು ಕಿಲೋಮೀಟರ್ ಓಡಿಸುವವರಿಗೆ ಈ ಭಯ ಬೇಕಿಲ್ಲ. ರಾತ್ರಿ ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲೇ ಚಾರ್ಜ್ ಮಾಡಬಹುದು. ಆದರೆ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದು ಬೀದಿಯಲ್ಲಿ ಕಾರು ನಿಲ್ಲಿಸುವವರು ತಂತಿಯನ್ನು ಎಲ್ಲಿಂದ ಎಳೆದಾರು?

ಆದ್ದರಿಂದ ‘ಜನರ ಮನೋಭಾವ ಬದಲಾಗಬೇಕು’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಮೊದಲೇ ಹಣ ಮತ್ತು ಸ್ವಂತ ಜಾಗ ಉಳ್ಳವರಿಗೆ ಮಾತ್ರ ಅಗ್ಗದ ಓಟ ದಕ್ಕುವುದಾದರೆ, ಉಳಿದವರ ಹಿಂಜರಿಕೆ ಅಜ್ಞಾನವಲ್ಲ, ಲೆಕ್ಕಾಚಾರ.

ನಿಮ್ಮ ಬೀದಿಯಲ್ಲಿ ಎಷ್ಟು ಕಾರುಗಳು ರಾತ್ರಿ ಪ್ಲಗ್ಗಿನ ಹತ್ತಿರ ನಿಲ್ಲುತ್ತವೆ? ಎಣಿಸಿ ನೋಡಿ, ಮೇಲಿನ ಲೆಕ್ಕವನ್ನು ನಿಮ್ಮ ಊರಿನ ದರ ಹಾಕಿ ಮತ್ತೆ ಮಾಡಿ.